ಹೊಸ ಲ್ಯಾಪ್‌ಟಾಪಿನ ಜೊತೆಗೆ ಏನೇನು ಕೊಳ್ಳಬೇಕು?

ತುಮಕೂರಿನಲ್ಲಿ ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಅಂಗಡಿಯವರು ಬ್ಯಾಗು, ಮೌಸು, ಕೀಬೋರ್ಡ್ ಹೊದಿಕೆ, ಆಂಟಿವೈರಸ್ ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟರೆ, ಒಂದೊಂದರ ಬೆಲೆಯನ್ನೂ ಬೇರೆಬೇರೆಯಾಗಿ ಕೇಳಿರಿ. ಯಂತ್ರವನ್ನೂ ಅದರೊಳಗಿನ ಕಡತಗಳನ್ನೂ ಕಾಪಾಡುವ ವಸ್ತುಗಳಿಗೆ ಮೊದಲ ಹಣ ಸಲ್ಲಬೇಕು.

ಮೊದಲನೆಯದು ವಿದ್ಯುತ್ತು. ಚಾರ್ಜರಿನ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುವುದರಿಂದ ಸ್ಟೆಬಿಲೈಸರ್ ಬೇಕಿಲ್ಲ. ಕರೆಂಟು ಹೋದರೆ ಬ್ಯಾಟರಿಯೇ ಇರುವುದರಿಂದ ಯುಪಿಎಸ್ ಕೂಡ ಬೇಡ. ಆದರೆ ಐಎಸ್‌ಐ ಗುರುತಿರುವ, ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ರಕ್ಷಣೆಯುಳ್ಳ ಎಕ್ಸ್‌ಟೆನ್ಷನ್ ಬೋರ್ಡ್ ಅವಶ್ಯ. ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಹಳೆಯ ಬಾಡಿಗೆ ಕೋಣೆ ಹಿಡಿದವರು ಇನ್ನೊಂದು ವಿಷಯವನ್ನು ಗಮನಿಸಬೇಕು: ಮೂರು ಪಿನ್ನಿನ ಚಾರ್ಜರ್ ಹಾಕಿದ್ದರೂ ಲ್ಯಾಪ್‌ಟಾಪಿನ ಲೋಹದ ಮೈಗೆ ಮುಂಗೈ ತಾಗಿದಾಗ ಜುಮ್ಮೆಂದರೆ, ಪ್ಲಗ್ಗಿಗೆ ಅರ್ತಿಂಗ್ ಸರಿಯಾಗಿಲ್ಲವೆಂದು ಶಂಕಿಸಿ ಎಲೆಕ್ಟ್ರಿಷಿಯನ್ನರಿಗೆ ತೋರಿಸಬೇಕು, ಅರ್ತಿಂಗ್ ಇಲ್ಲದಿದ್ದಲ್ಲಿ ದುಬಾರಿ ಬೋರ್ಡ್ ಕೂಡ ಪೂರ್ಣ ರಕ್ಷಣೆ ಕೊಡಲಾರದು.

ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಬ್ಯಾಗು ಮುಖ್ಯ. 15.6 ಇಂಚು ಎಂಬುದು ಪರದೆಯ ಮೂಲೆಯಿಂದ ಮೂಲೆಗಿನ ಅಳತೆ, ಆದ್ದರಿಂದ ಲ್ಯಾಪ್‌ಟಾಪನ್ನೇ ಒಳಗಿಟ್ಟು ನೋಡಿರಿ. ಅದನ್ನಿಡುವ ಅರೆಯ ತಳಕ್ಕೆ ಬೆರಳು ಇಳಿಸಿ ಒತ್ತಿದಾಗ ಬ್ಯಾಗಿನ ತಳವೇ ಕೈಗೆ ಸಿಕ್ಕರೆ ಅದು ಬೇಡ. ನೂಕುನುಗ್ಗಲಿನಲ್ಲಿ ಬ್ಯಾಗನ್ನು ನೆಲಕ್ಕಿಳಿಸಿದಾಗಲೆಲ್ಲ ಪೆಟ್ಟು ಬೀಳುವುದು ಲ್ಯಾಪ್‌ಟಾಪಿನ ಅಂಚಿಗೇ.

ಪ್ರಾಜೆಕ್ಟು, ನೋಟ್ಸುಗಳ ಪ್ರತಿ ಇಡಲು ಹೊರಗಿನ ಡ್ರೈವ್ ಒಂದಿರಲಿ. ಒಳಗೆ ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಬಿದ್ದರೂ ಹಾರ್ಡ್ ಡಿಸ್ಕಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಕಡತ ಹೋಗದಿದ್ದರೆ ಅದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿರಬಹುದು. ಒಳಗಿನದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸಾಕು.

ಮುಂದೆ ರ‍್ಯಾಮ್ ಹೆಚ್ಚಿಸುವ ಆಲೋಚನೆಯಿದ್ದರೆ ಖಾಲಿ ಸ್ಲಾಟ್ ಇದೆಯೇ, ಇಲ್ಲವೇ ಮದರ್‌ಬೋರ್ಡಿಗೇ ಬೆಸೆದಿದೆಯೇ ಎಂದು ಈಗಲೇ ಕೇಳಿರಿ. ಡಿಡಿಆರ್4 ಪೀಳಿಗೆಯ ರ‍್ಯಾಮಿನ ಜಾಗದಲ್ಲಿ ಅದರ ನಂತರದ ಡಿಡಿಆರ್5 ಕೂರುವುದಿಲ್ಲ.

ವಿಂಡೋಸ್‌ನಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಇದ್ದೇ ಇರುವಾಗ ವಿದ್ಯಾರ್ಥಿಗೆ ಆಂಟಿವೈರಸ್ಸಿನ ವಾರ್ಷಿಕ ಚಂದಾ ಅನಗತ್ಯವೆಂದೇ ನನ್ನ ಅಭಿಪ್ರಾಯ. ದಪ್ಪನೆಯ ಕೀಬೋರ್ಡ್ ಹೊದಿಕೆ ಲ್ಯಾಪ್‌ಟಾಪನ್ನು ಮುಚ್ಚಿದಾಗ ಪರದೆಯನ್ನೇ ಒತ್ತುತ್ತದೆ. ಪುಕ್ಕಟೆ ಕೊಟ್ಟರೂ ಬೇಡ. ಮೌಸು ತಂತಿಯದ್ದಾದರೂ ಸಾಕು.

ಸಾಮಾನ್ಯ ವಾರಂಟಿ ಬಿದ್ದು ಒಡೆದದ್ದಕ್ಕೂ ನೀರು ಚೆಲ್ಲಿದ್ದಕ್ಕೂ ಅನ್ವಯಿಸುವುದಿಲ್ಲವಾದ್ದರಿಂದ, ಹಾಸ್ಟೆಲಿನಲ್ಲಿರುವವರು ಅಪಘಾತ ರಕ್ಷಣೆಯ ಯೋಜನೆಯನ್ನು ತಯಾರಕರಿಂದಲೇ ಪಡೆಯುವುದು ಒಳಿತು. ಬಿಲ್ಲಿನಲ್ಲಿರುವ ಸೀರಿಯಲ್ ನಂಬರನ್ನು ಲ್ಯಾಪ್‌ಟಾಪಿನ ತಳದಲ್ಲಿರುವುದರೊಂದಿಗೆ ಅಂಗಡಿಯಲ್ಲಿಯೇ ಹೋಲಿಸಿಕೊಳ್ಳಿರಿ.