ರಾತ್ರಿ ಹತ್ತು ನಿಮಿಷ, ದಿನದ ಲೆಕ್ಕ

ನಮ್ಮ ಪ್ರೊಟೆಸ್ಟೆಂಟ್ ಚರ್ಚ್ ಸಭೆಯಲ್ಲಿ ಪ್ರತಿ ಜನವರಿಗೂ ಇದೇ ಕಥೆ. ಹೊಸ ವರ್ಷದ ಹಿಂದಿನ ರಾತ್ರಿಯ ವಾಚ್‌ನೈಟ್ ಆರಾಧನೆಯಲ್ಲಿ, ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಎತ್ತುತ್ತೇವೆ. ಈ ವರ್ಷ ಬೈಬಲ್ ಪೂರ್ತಿ ಓದಿಯೇ ತೀರುತ್ತೇನೆ ಅಂತ ಮೊದಲ ಪುಸ್ತಕ ಆದಿಕಾಂಡ ಹಿಡಿಯುತ್ತೇವೆ. ಫೆಬ್ರವರಿ ಹೊತ್ತಿಗೆ ಮೂರನೇ ಪುಸ್ತಕವಾದ ಯಾಜಕಕಾಂಡದ ಹೋಮ ಬಲಿಗಳ ನಡುವೆ ದಾರಿ ತಪ್ಪಿ, ಪುಸ್ತಕ ಮತ್ತೆ ಷೋಕೇಸ್ ಸೇರುತ್ತದೆ. ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಓದಬೇಕು. ಬೆಳಗ್ಗೆ ಮಕ್ಕಳಿಗೆ ಡಬ್ಬಿ ಕಟ್ಟುವವರಿಗೆ ಇದು ಆಗುವ ಮಾತಾ?

ಬೆಳಗಿನ ಓದು, ಪ್ರಾರ್ಥನೆ ಚಿಕ್ಕದಾಗಿರಲಿ. ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ, ಏಳಿ. ದಿನಕ್ಕೊಂದರಂತೆ 150 ಕೀರ್ತನೆಗಳು ಐದು ತಿಂಗಳಿಗೆ ಮುಗಿಯುತ್ತವೆ. 119ನೆಯದರಲ್ಲಿ 176 ವಚನಗಳಿವೆ, ಅದನ್ನು ಮಾತ್ರ ಒಂದು ವಾರಕ್ಕೆ ಹಂಚಿಕೊಂಡು ಓದಿ. ಅಚ್ಚಾದ ಪುಸ್ತಕದಲ್ಲೇ ಓದಿ. ಸತತ ಎಷ್ಟು ದಿನ ಓದಿದಿರಿ ಅಂತ ಎಣಿಸುವ ಆ್ಯಪ್ ಬೇಡ. ಆಮೇಲೆ ಆ ಎಣಿಕೆ ತಪ್ಪಬಾರದು ಅಂತಲೇ ಓದುತ್ತಿರುತ್ತೀರಿ. ಟಿವಿಯಲ್ಲಿ ಮಾರುವ ಅಭಿಷೇಕದ ಎಣ್ಣೆಯಂತೂ ಮುಟ್ಟಲೇಬೇಡಿ.

ಜನ ಎಡವುವುದು ರಾತ್ರಿ. ಹಾಸಿಗೆಯಲ್ಲಿ ಉರುಳಿ, "ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ, ಎಲ್ಲಾ ತಪ್ಪು ಕ್ಷಮಿಸು, ಆಮೆನ್." ಅಷ್ಟರಲ್ಲಿ ಗೊರಕೆ. ಇದಕ್ಕೆ ಹಳೆಯ ಮದ್ದೊಂದಿದೆ. 1521ರಲ್ಲಿ ಸ್ಪೇನ್‌ನ ಪಂಪ್ಲೋನಾದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ, ಆಮೇಲೆ ಕ್ಯಾಥೊಲಿಕ್ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ಕಲಿಸಿದ ದಿನದ ಪರಿಶೀಲನೆ, ಅಂದರೆ ಕಳೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವುದು. ಅವರು ಹೇಳಿದ್ದು ದಿನಕ್ಕೆ ಎರಡು ಸಲ. ನಮಗೆ ಒಂದಾದರೆ ಸಾಕು. ಅದು ಕ್ಯಾಥೊಲಿಕರದ್ದಲ್ವಾ ಅಂತ ಮೂಗು ಮುರಿಯುವ ನಮ್ಮವರು 139ನೇ ಕೀರ್ತನೆಯ ಕೊನೆ ಓದಲಿ. ನನ್ನ ಹೃದಯವನ್ನು ಪರೀಕ್ಷಿಸು ಅಂತ ಅಲ್ಲೂ ಬೇಡಿಕೊಂಡಿದೆ.

ಕುರ್ಚಿಯಲ್ಲಿ ಕೂರಿ. ಫೋನ್ ಪಕ್ಕದ ಕೋಣೆಯಲ್ಲಿರಲಿ. ಮೊದಲು ಮೂರು ಸಂಗತಿಗಳಿಗೆ ಕೃತಜ್ಞತೆ ಹೇಳಿ, ಹೆಸರಿಟ್ಟು ಹೇಳಿ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಅಮ್ಮನ ಮಂಡಿ ನೋವು ಇಳಿದಿದೆ, ಸಾರು ಚೆನ್ನಾಗಿತ್ತು. ಇದನ್ನು ಬಿಟ್ಟು ನೇರ ತಪ್ಪಿಗೆ ಇಳಿದರೆ ಹತ್ತು ನಿಮಿಷವೂ ಗೋಳಾಟವೇ. ಆಮೇಲೆ, ಕಾಣಬೇಕಾದ್ದನ್ನು ತೋರಿಸು ಅಂತ ಒಂದು ಮಾತು.

ಈಗ ಕಷ್ಟದ ಭಾಗ. ಬೆಳಗಿನಿಂದ ದಿನವನ್ನು ಜಾಗ ಜಾಗವಾಗಿ ನಡೆದು ಬನ್ನಿ. ಅಡುಗೆಮನೆ, ಬಸ್ ಸ್ಟಾಪ್, ಆಫೀಸು, ಅಂಗಡಿ, ಮತ್ತೆ ಮನೆ. ಎಲ್ಲಿ ಮನಸ್ಸು ಹಗುರಾಯಿತು, ಎಲ್ಲಿ ದವಡೆ ಬಿಗಿಯಾಯಿತು, ಸುಮ್ನೆ ನೋಡಿ. ತೀರ್ಪು ಕೊಡಬೇಡಿ. ಇಲ್ಲಿ ಕೆಲವರು ತಮಗೇ ಫಾಸಿ ವಿಧಿಸಿಕೊಳ್ಳುತ್ತಾರೆ. ಹೆಚ್ಚಿನವರು ತಮ್ಮದೇ ವಕೀಲರಾಗುತ್ತಾರೆ. "ಆದ್ರೆ ಅವಳು ಮೊದಲು..." ಅಂತ ಮಾತು ಶುರುವಾದರೆ ವಕೀಲರು ಬಂದರು ಅಂತಲೇ ಅರ್ಥ. ನಿಲ್ಲಿಸಿ, ಆ ಜಾಗಕ್ಕೆ ವಾಪಸ್ ಹೋಗಿ, ನೀವು ಬಾಯಿಬಿಟ್ಟು ಆಡಿದ ಮಾತನ್ನಷ್ಟೇ ನೆನಪಿಸಿಕೊಳ್ಳಿ. ನಿಮ್ಮ ದನಿ ಹೇಗಿತ್ತು, ಎದುರಿನವರ ಮುಖ ಹೇಗಾಯಿತು. ಪಟ್ಟಿ ಉದ್ದ ಮಾಡಬೇಡಿ. ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಒಂದೇ ಸಾಕು. "ನಾನು ಪಾಪಿ" ಅನ್ನುವುದು ಸುಲಭ. "ಮೂರು ಗಂಟೆಗೆ ಮಗನಿಗೆ ದಡ್ಡ ಅಂದೆ" ಅನ್ನಲು ಗಂಟಲು ಕಟ್ಟುತ್ತದೆ. ಆ ಎರಡನೆಯದನ್ನೇ ಹೇಳಿ.

ಕ್ಷಮೆ ಒಮ್ಮೆ ಕೇಳಿದರೆ ಸಾಕು. ಅದೇ ತಪ್ಪನ್ನು ಏಳು ರಾತ್ರಿ ಒಪ್ಪಿಸುವುದು ಭಕ್ತಿಯಲ್ಲ, ಅಪನಂಬಿಕೆ.

ಕೊನೆಗೆ, ನಾಳೆ ಮಾಡುವ ಒಂದು ಕೆಲಸ. ಇನ್ನೊಬ್ಬರನ್ನು ನೋಯಿಸಿದ್ದರೆ ಆ ಕೆಲಸ ಅವರ ಬಳಿ ಹೋಗುವುದೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಅಂತ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಇದೆ. ವಾಟ್ಸ್ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು. ಚರ್ಚಿನ ಸುಗ್ಗಿ ಹಬ್ಬದ ಹರಾಜಿನ ಲೆಕ್ಕದ ವಿಷಯದಲ್ಲಿ ಸಭೆಯ ಕಮಿಟಿಯ ಹಿರಿಯರೊಬ್ಬರ ಮೇಲೆ ನಾನು ರೇಗಿದ್ದೆ. ಆಮೇಲೆ ಕೈಮುಗಿದ ಚಿತ್ರ ಕಳಿಸಿದೆ. ಅವರು ಹೆಬ್ಬೆರಳು ಕಳಿಸಿದರು. ಒಂದು ವರ್ಷ ಇಬ್ಬರೂ ಬೇರೆ ಬೇರೆ ಸಾಲಿನ ಬೆಂಚಲ್ಲಿ ಕೂತೆವು. ಕೊನೆಗೆ ಮನೆಗೇ ಹೋಗಿ, "ಎಲ್ಲರ ಮುಂದೆ ನಿಮ್ಮನ್ನು ಕಳ್ಳ ಅಂದೆ, ಅದು ತಪ್ಪು" ಅಂದೆ. "ನಿಮಗೆ ಬೇಜಾರಾಗಿದ್ರೆ ಸಾರಿ" ಅಂದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದರೇನೋ. ಕಾಫಿ ಕೊಟ್ಟರು, ಸಕ್ಕರೆ ಜಾಸ್ತಿ ಇತ್ತು.

ನಡುವೆ ಕೆಲವು ರಾತ್ರಿ ತಪ್ಪುತ್ತದೆ. ಬಾಕಿ ತೀರಿಸಲು ಹೋಗಬೇಡಿ. ನಾನೊಮ್ಮೆ ಒಂಬತ್ತು ದಿನದ್ದನ್ನು ಒಟ್ಟಿಗೆ ಮಾಡಲು ಕೂತು, ಮೂರನೇ ದಿನಕ್ಕೆ ಬರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ.