ಆಟೋಮ್ಯಾಟಿಕ್ ಫೋರ್ ಬೈ ಫೋರ್ ಗಾಡಿಯಾಗ ಗೇರ್‌ಬಾಕ್ಸ್ ಆಯಿಲ್ ಕಮ್ಮಿ ಆದ್ರ ಏನ್ ಮಾಡಬೇಕು

ಗೇರ್ ಕಡ್ಡಿ ಡಿಗೆ (ಡ್ರೈವ್‌ಗೆ) ಹಾಕಿದ ಮ್ಯಾಲ ಗಾಡಿ ಒಂದೆರಡು ಸೆಕೆಂಡ್ ಸುಮ್ನ ನಿಂತು ಆಮ್ಯಾಲ ಧಡ್ ಅಂತ ಎಳಿತೈತಿ, ಇಲ್ಲಾ ಸಂಡೂರು ಕಡಿ ಗುಡ್ಡ ಏರುವಾಗ ಆರ್‌ಪಿಎಂ ಮುಳ್ಳು ಸರ್ ಅಂತ ಮ್ಯಾಲ ಹೋಗತೈತಿ ಆದ್ರ ಸ್ಪೀಡ್ ಮಾತ್ರ ಏರಂಗಿಲ್ಲ, ಹಿಂಗ ಆಗಾಕತ್ತಿದ್ರ ಡೀಸೆಲ್ ಸರಿ ಇಲ್ಲ, ಬಿಸಿಲು ಭಾಳ ಐತಿ ಅಂತ ಬಿಟ್ಟು ಮುಂದ ಹೋಗಬ್ಯಾಡ್ರಿ. ಗೇರ್‌ಬಾಕ್ಸ್ ಆಯಿಲ್, ಅಂದ್ರ ಎಟಿಎಫ್, ಕಮ್ಮಿ ಆಗಿದ್ರ ಮೊದ್ಲು ಕಾಣೋ ಲಕ್ಷಣ ಇವ. ತಿರುವಿನ್ಯಾಗ ಇಲ್ಲಾ ಏರಿನ್ಯಾಗ ಅಷ್ಟ ಗೇರ್ ಜಾರಿ (ಇಂಜಿನ್ ತಿರುಗಿದ್ರೂ ಗಾಲಿಗೆ ಶಕ್ತಿ ಪೂರಾ ಹೋಗದ), ಸಪಾಟ ರೋಡ್‌ನ್ಯಾಗ ಸರಿ ಹೋಗತೈತಿ ಅಂದ್ರ ಡೌಟ್ ಇನ್ನೂ ಗಟ್ಟಿ, ಯಾಕಂದ್ರ ಆಯಿಲ್ ಒಂದ ಕಡಿ ಹೊಳ್ಳಿ ಪಂಪ್ ಗಾಳಿ ಎಳ್ಕೊಳ್ಳಾಕ ಶುರು ಮಾಡಿರತೈತಿ.

ಎಲ್ಲಾರೂ ಕೇಳೋದು ಒಂದ, "ಇಲ್ಲಿಂದ ಊರಿಗೆ ಹೋಗಬಹುದೇನ್ರಿ?" ನನ್ನ ಉತ್ತರ ಇಷ್ಟ: ಗೇರ್ ಜಾರಾಕತ್ತಿದ್ರ, ಇಲ್ಲಾ ಸುಟ್ಟ ವಾಸನಿ ಬರಾಕತ್ತಿದ್ರ, ಇಲ್ಲಾ ಆಯಿಲ್ ಟೆಂಪರೇಚರ್ ಲೈಟ್ ಹತ್ತಿದ್ರ ಹೋಗಬ್ಯಾಡ್ರಿ, ಹತ್ತು ಕಿಲೋಮೀಟರ್ ಆದ್ರೂ ಬ್ಯಾಡ. ಇಂಜಿನ್ ಆಯಿಲ್ ಮುಖ್ಯವಾಗಿ ಸವಕಳಿ ತಡಿತೈತಿ, ಎಟಿಎಫ್ ಹಂಗಲ್ಲ, ಇಂಜಿನ್ ಶಕ್ತಿ ಗಾಲಿಗೆ ಹೋಗೋದ ಅದರ ಮೂಲಕ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋ ಟಾರ್ಕ್ ಕನ್ವರ್ಟರ್ ಒಳಗ ಶಕ್ತಿ ದಾಟಸೋದು ಅದ, ಒಳಗಿನ ಕ್ಲಚ್ ಪ್ಲೇಟ್ ಒತ್ತಿ ಹಿಡಿಯೋದು ಅದರ ಪ್ರೆಶರ್, ಬಿಸಿ ಹೊರಗ ಒಯ್ಯೋದೂ ಅದ. ಪ್ರೆಶರ್ ಬಿತ್ತಂದ್ರ ಕ್ಲಚ್ ಜಾರತೈತಿ, ಜಾರಿದ್ರ ಬಿಸಿ, ಬಿಸಿಗೆ ಆಯಿಲ್ ಕೆಡತೈತಿ, ಕೆಟ್ಟ ಆಯಿಲ್‌ನ್ಯಾಗ ಇನ್ನೂ ಜಾರತೈತಿ. ಸಾಮಾನ್ಯ ಓಡಾಟದಾಗ ಆಯಿಲ್ ಸುಮಾರು 80ರಿಂದ 95 ಡಿಗ್ರಿ ಇರತೈತಿ, 120 ದಾಟಿದ್ರ ಭಾಳ ಬೇಗ ಹಾಳಾಗತೈತಿ. ಅರ್ಧ ಲೀಟರ್, ಒಂದ್ ಲೀಟರ್ ಆಯಿಲ್‌ನ್ಯಾಗ ಮುಗಿಯೋ ಕೆಲಸ ಪೂರಾ ಗೇರ್‌ಬಾಕ್ಸ್ ಬಿಚ್ಚೋತನ ಹೋಗೋದು ಹಿಂಗ.

ಚೆಕ್ ಮಾಡೋದು ಗಾಡಿ ಮ್ಯಾಲ ಐತಿ. ಗೇರ್‌ಬಾಕ್ಸಿಗೆ ಗೇಜ್ ಕಡ್ಡಿ ಇರೋ ಹಳೇ ಗಾಡಿ ಆದ್ರ ಸುಲಭ. ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡ್ರಿ (ಜಾರಾಕತ್ತಿದ್ರ ಓಡಿಸಬ್ಯಾಡ್ರಿ, ಕೋಲ್ಡ್ ಗೆರಿ ನೋಡಿ ಅಂದಾಜು ತಗೋರಿ), ಸಪಾಟ ಜಾಗದಾಗ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೀರಿ, ಇಂಜಿನ್ ಚಾಲೂ ಇರಲಿ, ಬ್ರೇಕ್ ಮ್ಯಾಲ ಕಾಲಿಟ್ಟು ಪಿ, ಆರ್, ಎನ್, ಡಿ ಎಲ್ಲಾದ್ರಾಗೂ ಮೂರ್ನಾಕು ಸೆಕೆಂಡ್ ನಿಲ್ಲಿಸಿ ವಾಪಸ್ ಪಿಗೆ ತರ್ರಿ. ಕೆಲವು ಗಾಡಿಗೆ ಎನ್‌ನ್ಯಾಗ ನೋಡಬೇಕು, ಮ್ಯಾನ್ಯುವಲ್ ಒಮ್ಮೆ ತೆಗದು ನೋಡ್ರಿ. ಕಡ್ಡಿ ಒರಸಾಕ ನೂಲು ಬಿಡೋ ಬಟ್ಟಿ ಬ್ಯಾಡ. ಹಾಟ್ ಅಂತ ಬರೆದ ಗೆರಿ ನಡುವೆ ಇದ್ರ ಸರಿ, ಕೆಳಗಿದ್ರ ಕಮ್ಮಿ. ಬಣ್ಣನೂ ನೋಡ್ರಿ. ಕೆಂಪಗಿದ್ರ ಚಲೋ, ಕರ್ರಗಾಗಿ ಸುಟ್ಟ ವಾಸನಿ ಇದ್ರ ಒಳಗ ಕ್ಲಚ್ ಸುಡಾಕತ್ತೈತಿ, ಸ್ಟ್ರಾಬೆರಿ ಹಾಲಿನ ಬಣ್ಣ ಇದ್ರ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಒಡದು ಕೂಲೆಂಟ್ ಸೇರೈತಿ, ಆವಾಗ ಇಂಜಿನ್ ಬಂದ್ ಮಾಡಿ ಅಲ್ಲೇ ನಿಲ್ಲಿಸ್ರಿ, ಟಾಪ್ ಅಪ್ ಮಾಡಿ ಏನೂ ಉಪಯೋಗ ಇಲ್ಲ.

ಈಗಿನ ಭಾಳ ಗಾಡಿಗೆ ಕಡ್ಡಿನ ಇಲ್ಲ. ಕೆಳಗ ಓವರ್‌ಫ್ಲೋ ಪ್ಲಗ್ ಇರತೈತಿ, ಇಂಜಿನ್ ಚಾಲೂ ಇಟ್ಟು, ಆಯಿಲ್ ಕಂಪನಿ ಹೇಳಿದ ಟೆಂಪರೇಚರ್‌ಗೆ ಬಂದಾಗ ಪ್ಲಗ್ ಬಿಚ್ಚಿದ್ರ ಸಣ್ಣಗ ಹನಿ ಬರಬೇಕು. ಟೊಯೋಟ ತರದ ಭಾಳ ಗೇರ್‌ಬಾಕ್ಸಿಗೆ ಇದು ಹೆಚ್ಚುಕಮ್ಮಿ 35ರಿಂದ 45 ಡಿಗ್ರಿ. ಇಲ್ಲೇ ನಮ್ಮ ಕಡಿ ತಪ್ಪಾಗೋದು. ಏಪ್ರಿಲ್, ಮೇ ತಿಂಗಳದಾಗ ರಾಯಚೂರು, ಬಳ್ಳಾರಿ ಒಳಗ ಬಿಸಿಲ 40 ದಾಟಿರತೈತಿ, ಮಧ್ಯಾಹ್ನ ಗಾಡಿ ಓಡಿಸ್ಕೊಂಡು ಹೋಗಿ ಗ್ಯಾರೇಜಿನ್ಯಾಗ ಏರಿಸಿದ್ರ ಆಯಿಲ್ 70-80 ಇರತೈತಿ, ಬಿಸಿ ಆಯಿಲ್ ಹಿಗ್ಗಿರತೈತಿ, ಪ್ಲಗ್ ತೆಗದ ಕೂಡ್ಲೇ ಸುರಿತೈತಿ, ಮೆಕ್ಯಾನಿಕ್ "ಫುಲ್ ಐತ್ರಿ ಸರ" ಅಂತಾನ, ಆದ್ರ ತಣ್ಣಗಾದ ಮ್ಯಾಲ ನೋಡಿದ್ರ ಕಮ್ಮಿನ ಇರತೈತಿ. ಅದಕ್ಕ ರಾತ್ರಿ ಗಾಡಿ ಅಲ್ಲೇ ಬಿಟ್ಟು ನಸುಕಿನ್ಯಾಗ ಮಾಡಸ್ರಿ, ಸ್ಕ್ಯಾನರ್ ಹಾಕಿ ಆಯಿಲ್ ಟೆಂಪರೇಚರ್ ನೋಡಕೋತ ಮಾಡಸ್ರಿ. ಕೈಯಿಂದ ಮುಟ್ಟಿ ನೋಡಿ ಹೇಳೋ ಕೆಲಸ ಅಲ್ಲ ಇದು.

ಆಯಿಲ್ ಯಾವುದು ಅನ್ನೋದ್ರಾಗ ರಾಜಿ ಮಾಡ್ಕೋಬ್ಯಾಡ್ರಿ. ಟೊಯೋಟಕ್ಕ ಡಬ್ಲ್ಯೂಎಸ್ ಅನ್ನೋ ಎಟಿಎಫ್ ಕೇಳೋ ಗಾಡಿ ಇದ್ರ ಡಬ್ಲ್ಯೂಎಸ್, ಫೋರ್ಡ್ ಎಂಡೇವರ್ ಹತ್ತು ಗೇರಿಂದಕ್ಕ ಮರ್ಕಾನ್ ಯುಎಲ್‌ವಿ, ಹಿಂಗ ಒಂದೊಂದಕ್ಕ ಒಂದೊಂದು. ನಮ್ಮ ಕಡಿ ಊರೂರಿಗೂ ಟ್ರ್ಯಾಕ್ಟರ್ ಗ್ಯಾರೇಜು, ಜೆಸಿಬಿ ಗ್ಯಾರೇಜು ಇರತಾವ, ಅವರ ಹತ್ರ 90 ನಂಬರ್ ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್ ಡಬ್ಬಿಗಟ್ಟಲೆ ಸಿಗತೈತಿ, ಪ್ರೀತಿಯಿಂದನ ಕೊಡತಾರ, ಆದ್ರ ಅದನ್ನ ಹಾಕಬ್ಯಾಡ್ರಿ. ನಿಮ್ಮ ಗಾಡಿ ಎಟಿಎಫ್ ಒಂದ್ ಲೀಟರ್ ತರಿಸಿ ಡಿಕ್ಕಿಯೊಳಗ ಇಟ್ಕೋರಿ. ಕಡ್ಡಿ ಇರೋ ಗಾಡಿಗೆ ಉದ್ದನ್ನ ಕೊಳವಿ ಹಚ್ಚಿ ಕಾಲ್ ಲೀಟರ್ ಹಾಕಿ ನೋಡಿ, ಮತ್ತ ಹಾಕ್ರಿ. ಒಮ್ಮೆಲೆ ಸುರದು ಜಾಸ್ತಿ ಆದ್ರ ತಿರುಗೋ ಗೇರ್ ಅದನ್ನ ಕಡದು ನೊರಿ ಎಬ್ಬಸತೈತಿ, ನೊರಿ ಆದ್ರ ಮತ್ತ ಅದ ಪ್ರೆಶರ್ ಬೀಳೋ ಕಥಿ.

ಟಾಪ್ ಅಪ್ ಮಾಡಿದ್ರ ಮುಗೀಲಿಲ್ಲ. ಎಟಿಎಫ್ ಇಂಜಿನ್ ಆಯಿಲ್ ತರ ಸುಟ್ಟು ಕಮ್ಮಿ ಆಗಂಗಿಲ್ಲ, ಕಮ್ಮಿ ಐತಿ ಅಂದ್ರ ಎಲ್ಲೋ ಸೋರೈತಿ. ರಾತ್ರಿ ಗಾಡಿ ಕೆಳಗ ರಟ್ಟು ಹಾಕ್ರಿ, ಮುಂಜಾನೆ ಕೆಂಪು ಹನಿ ಎಲ್ಲಿ ಬಿದ್ದಾವ ನೋಡ್ರಿ. ಮುಂದ ರೇಡಿಯೇಟರ್ ಹತ್ರ ಇದ್ರ ಕೂಲರ್ ಪೈಪು, ನಡುವೆ ಇದ್ರ ಚೇಂಬರ್ (ಗೇರ್‌ಬಾಕ್ಸ್ ಕೆಳಗಿನ ಆಯಿಲ್ ತಟ್ಟಿ) ಪ್ಯಾಕಿಂಗು (ಪವರ್ ಸ್ಟೀರಿಂಗ್ ಆಯಿಲ್ ಕೂಡ ಕೆಂಪಗ ಇರತೈತಿ, ಅದರ ಡಬ್ಬಿನೂ ನೋಡ್ರಿ). ಸಂಡೂರು, ದೋಣಿಮಲೈ ಕಡಿ ಓಡಾಡೋರಿಗೆ ಒಂದು ಗುರುತು, ಆ ಕೆಂಪು ಅದಿರಿನ ಧೂಳು ಆಯಿಲ್ ಇದ್ದಲ್ಲಿ ದಪ್ಪಗ ಮೆತ್ಕೊಂಡಿರತೈತಿ, ಅದನ್ನ ತೊಳಸಿ ಒಂದೆರಡು ದಿನ ಓಡಿಸಿ ಮತ್ತ ನೋಡಿದ್ರ ಹೊಸ ಹಸಿ ಎಲ್ಲೈತಿ ಗೊತ್ತಾಗತೈತಿ.

ಕೆಳಗ ಒಂದ ಹನಿನೂ ಇಲ್ಲ, ಆದ್ರೂ ಆಯಿಲ್ ಕಮ್ಮಿ ಆಗಾಕತ್ತೈತಿ? ಫೋರ್ ಬೈ ಫೋರ್‌ನ್ಯಾಗ ಇದು ಆಗತೈತಿ. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ (ಶಕ್ತಿನ ಮುಂದಿನ, ಹಿಂದಿನ ಗಾಲಿಗೆ ಹಂಚೋ ಡಬ್ಬಿ) ನಡುವೆ ಒಂದು ಆಯಿಲ್ ಸೀಲ್ ಇರತೈತಿ, ಅದು ಹೋದ್ರ ಎಟಿಎಫ್ ಹೊರಗ ಬರದ ಟ್ರಾನ್ಸ್‌ಫರ್ ಕೇಸ್ ಒಳಗ ಸೇರತೈತಿ. ಇಲ್ಲಿ ಕಮ್ಮಿ, ಅಲ್ಲಿ ಜಾಸ್ತಿ. ಅದಕ್ಕ ಟ್ರಾನ್ಸ್‌ಫರ್ ಕೇಸ್ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಸ್ರಿ, ಆಯಿಲ್ ಭರ್ರಂತ ಹೊರಗ ಬಂತಂದ್ರ ಕಳ್ಳ ಸಿಕ್ಕಂಗ. ಫೋರ್ ಬೈ ಟು ಗಾಡಿ ಅಷ್ಟ ನೋಡಿದ ಮೆಕ್ಯಾನಿಕ್‌ಗೆ ಇದು ಹೊಳೆಯಂಗಿಲ್ಲ, ನೀವ ಹೇಳ್ರಿ.

ಸರಿ ಆಯಿಲ್ ಹಾಕಿ, ಜಾರೋದು ಪೂರಾ ನಿಂತಿದ್ರ ಗ್ಯಾರೇಜಿನತನ ನಿಧಾನ ಹೋಗಬಹುದು. ಆಕ್ಸಿಲರೇಟರ್ ಒಮ್ಮೆಲೆ ಒತ್ತಬ್ಯಾಡ್ರಿ, ಓವರ್‌ಟೇಕ್ ಬ್ಯಾಡ, ಎಸಿ ಬಂದ್ ಇಟ್ರ ರೇಡಿಯೇಟರ್ ಮ್ಯಾಲ ಭಾರ ಕಮ್ಮಿ, ನಡುನಡುವೆ ನಿಲ್ಲಿಸಿ ಕೆಳಗ ನೋಡ್ರಿ. ಡಾಂಬರ್ ರೋಡ್‌ನ್ಯಾಗ ಫೋರ್ ಎಚ್ (ನಾಲ್ಕೂ ಗಾಲಿ ಎಳೆಯೋ ಹೈ ಗೇರ್) ಹಾಕಬ್ಯಾಡ್ರಿ, ಗೇರ್ ಜಾರೋದಕ್ಕ ಅದು ಪರಿಹಾರ ಅಲ್ಲ. ಇನ್ನ ತುಂಗಭದ್ರಾ ಹೊಳಿ ಉಸುಕಿನ್ಯಾಗ, ಸಿಂಧನೂರು ಕಡಿ ಮಳಿ ಬಿದ್ದ ಎರಿ ಹೊಲದಾಗ ಸಿಕ್ಕೊಂಡಿದ್ರ, ಆಯಿಲ್ ಕಮ್ಮಿ ಇದ್ದಾಗ ಗಾಲಿ ಸುಮ್ನ ತಿರುಗಸೋದು ಗೇರ್‌ಬಾಕ್ಸ್ ಕೊಂದಂಗ. ಗಾಲಿಗೆ ಗಾಳಿ ಇಳಸ್ರಿ, ಸಲಿಕಿಯಿಂದ ಮಣ್ಣು ತೆಗೀರಿ, ಫೋರ್ ಎಲ್ (ನಾಲ್ಕೂ ಗಾಲಿ ಎಳೆಯೋ ಲೋ ಗೇರ್) ಹಾಕಿ ಒಮ್ಮೆ ಮೆಲ್ಲಕ ನೋಡ್ರಿ, ಬರಲಿಲ್ಲಂದ್ರ ಟ್ರ್ಯಾಕ್ಟರ್ ಕರೀರಿ.

ಆದ್ರ ಟ್ರ್ಯಾಕ್ಟರ್ ಎಳೆಯೋದು ಕೆಸರಿನಿಂದ ಹೊರಗ ತರೋತನ ಅಷ್ಟ. ಅಲ್ಲಿಂದ ಹಗ್ಗ ಕಟ್ಟಿ ಗಂಗಾವತಿತನ, ಹೊಸಪೇಟಿತನ ಎಳಸಬ್ಯಾಡ್ರಿ. ಇಂಜಿನ್ ಬಂದ್ ಇದ್ರ ಗೇರ್‌ಬಾಕ್ಸ್ ಪಂಪ್ ತಿರುಗಂಗಿಲ್ಲ, ಗಾಲಿ ತಿರುಗಿದ್ರ ಒಳಗಿನ ಶಾಫ್ಟು ಒಣಗಿನ್ಯಾಗ ತಿರುಗತಾವ. ಮುಂದಿನ ಎರಡು ಗಾಲಿ ಎತ್ತಿ ಹಿಂದಿನವು ರೋಡ್ ಮ್ಯಾಲ ಉರುಳಸೋ ಕ್ರೇನೂ ಬ್ಯಾಡ. ನಾಲ್ಕೂ ಗಾಲಿ ಮ್ಯಾಲ ಬರೋ ಫ್ಲ್ಯಾಟ್‌ಬೆಡ್ ಗಾಡಿನ ಬೇಕು ಅಂತ ಫೋನ್‌ನ್ಯಾಗ ಮೊದ್ಲ ಹೇಳ್ರಿ, "ಫೋರ್ ಬೈ ಫೋರ್ ಆಟೋಮ್ಯಾಟಿಕ್" ಅಂತ ಎರಡೆರಡು ಸಲ ಹೇಳ್ರಿ, ಇಲ್ಲಂದ್ರ ರಾತ್ರಿ ಹೊತ್ತು ಹಗ್ಗ ಹಿಡ್ಕೊಂಡ ಬರತಾರ.