ತೋಟದ ದಾರಿಯಲ್ಲಿ ಸೈಕಲ್ ರೈಡ್ ನಡೆಸುವಾಗ

ಸಕಲೇಶಪುರದ ಆಸುಪಾಸಿನಲ್ಲಿ ನಾವು ನಡೆಸುವ ಮಣ್ಣುದಾರಿಯ ರೈಡಿಗೆ ಜನ ಬರುವುದೇ ಕಾಫಿ ತೋಟಗಳ ಒಳದಾರಿಗಳಿಗಾಗಿ. ಆ ದಾರಿಗಳು ಖಾಸಗಿಯವು. ಹಾಗಾಗಿ ಮಾರ್ಗ ಹುಡುಕುವಾಗ ನಾನು ನಕ್ಷೆಗಿಂತ ಮೊದಲು ತೋಟದವರನ್ನು ನೋಡುತ್ತೇನೆ.

ಮಾಲೀಕರು ಎಷ್ಟೋ ಸಲ ಬೆಂಗಳೂರಿನಲ್ಲಿರುತ್ತಾರೆ, ಫೋನಿನಲ್ಲೇ "ಹೋಗಿ ಬನ್ನಿ" ಅಂದುಬಿಡುತ್ತಾರೆ. ಅಷ್ಟು ಸಾಲದು. ತೋಟದ ಲೆಕ್ಕಪತ್ರ ನೋಡುವ ರೈಟರ್ ಮತ್ತು ಮೇಸ್ತ್ರಿಯನ್ನು ಕಂಡು ಮಾತಾಡಲೇಬೇಕು. ಆ ದಿನ ಕೊಯ್ಲು ಯಾವ ಕಡೆ, ಸ್ಪ್ರಿಂಕ್ಲರ್ ಎಲ್ಲಿ ಓಡುತ್ತದೆ, ಬಟವಾಡೆ ಮುಗಿಸಿ ಸಂತೆಗೆ ಹೊರಡುವವರ ಜೀಪು ಯಾವ ಹೊತ್ತಿಗೆ, ಎಲ್ಲ ಗೊತ್ತಿರುವುದು ಅವರಿಗೆ. "ಬ್ಯಾಡ ಸಾರ್, ಆ ಕಡೆ ಆನೆ ಅವೆ" ಅಂದರೆ ಮುಗಿಯಿತು, ಆ ದಾರಿ ಬಿಟ್ಟೆವು.

ಕಾಫಿ ಒಣಗಿಸುವ ಕಣ ಖಾಲಿಯಿದ್ದಾಗ ಸೈಕಲ್ ನಿಲ್ಲಿಸಿ ಫೋಟೋ ತೆಗೆಯಲು ಹೇಳಿಮಾಡಿಸಿದ ಜಾಗದಂತೆ ಕಾಣುತ್ತದೆ. ಅಲ್ಲಿ ಟಯರಿನ ಮಣ್ಣು ಬೀಳಬಾರದು. ಇನ್ನು ಗೇಟು, ದಣಪೆ. "ತೆಗೆದವರೇ ಮುಚ್ಚಿ" ಅನ್ನುವುದು ಗುಂಪಿನಲ್ಲಿ ನಡೆಯುವುದಿಲ್ಲ. ಹಿಂದಿನವರು ಮುಚ್ಚುತ್ತಾರೆಂದು ಪ್ರತಿಯೊಬ್ಬರೂ ಮುಂದೆ ಹೋಗುತ್ತಾರೆ, ದನ ಗದ್ದೆಗಿಳಿಯುತ್ತದೆ. ನಾವು ಪ್ರತಿ ಗೇಟಿಗೂ ಒಬ್ಬ ಸ್ವಯಂಸೇವಕರನ್ನು ನಿಲ್ಲಿಸುತ್ತೇವೆ.

ಕಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಎನರ್ಜಿ ಜೆಲ್, ಅಂದರೆ ಸವಾರರು ಶಕ್ತಿಗಾಗಿ ಪೊಟ್ಟಣದಿಂದ ಹೀರುವ ಸಿಹಿ ಪಾಕ. ಖಾಲಿ ಪೊಟ್ಟಣ ಕಣ್ಣಿಗೆ ಬೀಳುತ್ತದೆ, ಹೆಕ್ಕಬಹುದು. ಹಲ್ಲಿನಲ್ಲಿ ಕಚ್ಚಿ ಹರಿದ ಅದರ ತುದಿ ತರಗೆಲೆಯೊಳಗೆ ಸೇರಿದರೆ ಯಾರಿಗೂ ಸಿಗುವುದಿಲ್ಲ. ತುದಿಯನ್ನು ಪೂರ್ತಿ ಕೀಳದೆ ಅರ್ಧ ಹರಿಯುವುದು ಹೇಗೆಂದು ಹೊರಡುವ ಮುಂಚೆ ಮಾಡಿಯೇ ತೋರಿಸುತ್ತೇನೆ. ಪ್ರತಿ ಪೊಟ್ಟಣದ ಮೇಲೂ ಸವಾರರ ಬಿಬ್ ನಂಬರನ್ನು (ಅವರಿಗೆ ಕೊಟ್ಟ ಕ್ರಮಸಂಖ್ಯೆಯನ್ನು) ಮಾರ್ಕರಿನಲ್ಲಿ ಬರೆಸುತ್ತೇವೆ. ಜೆರ್ಸಿಯ ಹಿಂದಿನ ಮೂರು ಜೇಬುಗಳಲ್ಲಿ ಒಂದು ಕಸಕ್ಕೇ ಮೀಸಲು. ಬಾಳೆಹಣ್ಣಿನ ಸಿಪ್ಪೆಗೂ ರಿಯಾಯಿತಿಯಿಲ್ಲ, ಅದರ ಹಿಂದೆಯೇ ಕೋತಿಗಳು ಬರುತ್ತವೆ. ನೀರಿಗೆ 20 ಲೀಟರಿನ ಕ್ಯಾನ್ ಇಡುತ್ತೇವೆ, ಬಾಟಲಿ ಅವರವರದೇ.

ಟಿವಿಯಲ್ಲಿ ದೊಡ್ಡ ಸವಾರರು ಎಸೆಯುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ, 2021ರಲ್ಲೇ ನಿಗದಿತ ಜಾಗದ ಹೊರಗೆ ಎಸೆಯುವುದಕ್ಕೆ ದಂಡ ವಿಧಿಸುವ ನಿಯಮ ತಂದಿತು. ಅದೇ ವರ್ಷ ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್‌ನಲ್ಲಿ ಸವಾರ ಮಿಖಾಯೆಲ್ ಶೇರ್ ಅಭಿಮಾನಿಗಳತ್ತ ಬಾಟಲಿ ಎಸೆದು ಸ್ಪರ್ಧೆಯಿಂದಲೇ ಹೊರಬಿದ್ದರು. ಇದನ್ನು ಹೇಳಿದ ಮೇಲೆ ವಾದ ನಿಲ್ಲುತ್ತದೆ.

ದಾರಿಯ ಗುರುತಿಗೆ ಮರಕ್ಕೆ, ಬಂಡೆಗೆ ಬಣ್ಣ ಬಳಿಯುವುದಿಲ್ಲ. ನೆಲದ ಮೇಲೆ ಸುಣ್ಣದ ಪುಡಿಯ ಬಾಣ, ಕೊಂಬೆಗೆ ಬಟ್ಟೆ ಪಟ್ಟಿ. ಎಲ್ಲರ ಹಿಂದೆ ಬರುವ ಸವಾರರು ಆ ಪಟ್ಟಿಗಳನ್ನು ಬಿಚ್ಚುತ್ತಾ, ಬಿದ್ದದ್ದನ್ನು ಹೆಕ್ಕುತ್ತಾ ಬರುತ್ತಾರೆ.

ಬಹಳ ಆಯೋಜಕರು ಯೋಚಿಸದ ವಿಷಯವೆಂದರೆ ಜಿಪಿಎಸ್ ಜಾಡು. ನಮಗೆ ಸಿಕ್ಕಿದ್ದು ಒಂದು ದಿನದ ಅನುಮತಿ. ಸವಾರಿಗಳನ್ನು ದಾಖಲಿಸಿ ಹಂಚುವ ಸ್ಟ್ರಾವಾ ಆ್ಯಪಿನಲ್ಲಿ ಹಾಕಿದ ಜಾಡು ಮಾತ್ರ ಅಲ್ಲೇ ಉಳಿಯುತ್ತದೆ. ಸಾರ್ವಜನಿಕವಾಗಿ ಹಂಚಿದ ರೈಡುಗಳು, ಜನ ಹೆಚ್ಚು ಓಡಾಡಿದ ದಾರಿಗಳನ್ನು ನಕ್ಷೆಯಲ್ಲಿ ತೋರಿಸುವ ಅದರ ಹೀಟ್‌ಮ್ಯಾಪಿಗೂ ಸೇರುತ್ತವೆ. ಮುಂದಿನ ವಾರ ಯಾರೋ ಅಪರಿಚಿತರು ಅದನ್ನೇ ರಸ್ತೆಯೆಂದು ನಂಬಿ ತೋಟದೊಳಗೆ ಬಂದರೆ ಉತ್ತರ ಹೇಳಬೇಕಾದವರು ಪಾಪ, ಆ ರೈಟರ್. ಅದಕ್ಕೇ ಮಾರ್ಗದ ಫೈಲನ್ನು ಹಿಂದಿನ ಸಂಜೆ ನೋಂದಾಯಿತರಿಗೆ ಮಾತ್ರ ಕಳಿಸುತ್ತೇವೆ. ರೈಡನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದು ನೋಂದಣಿಯ ಷರತ್ತು.

ಯಾವ ತೋಟದವರಾದರೂ ಈ ವರ್ಷ ಬೇಡ ಅಂದರೆ ಕಾರಣ ಕೇಳುವುದಿಲ್ಲ. ಅಷ್ಟು ದೂರ ಡಾಂಬರು ರಸ್ತೆ ಹಿಡಿಯುತ್ತೇವೆ.